ಗುಂಡಿನ ಲೆಕ್ಕ ಬಲ್ಲವರು ಕೋವಿಯನ್ನು ಕೆಳಗಿಟ್ಟಾಗ: ಮೈಸೂರು ಖೆಡ್ಡಾದ ಸ್ಯಾಂಡರ್ಸನ್

ಆಷಾಢ ಶುದ್ಧ ಬಿದಿಗೆಯ ಬೆಳಗ್ಗೆ ಅಹಮದಾಬಾದಿನ ಜಮಾಲಪುರದ ಜಗನ್ನಾಥ ಮಂದಿರದಿಂದ ರಥಯಾತ್ರೆ ಹೊರಡುವಾಗ ಎಲ್ಲಕ್ಕಿಂತ ಮುಂದೆ ಸಾಗುವುದು ಆನೆಗಳ ಸಾಲು. ಅದನ್ನು ನೋಡುತ್ತ ನಿಲ್ಲುವ ಕನ್ನಡಿಗರಿಗೆ ಮೈಸೂರಿನ ಜಂಬೂಸವಾರಿ ನೆನಪಾಗದೆ ಇರದು. 2025ರ ರಥಯಾತ್ರೆಯಲ್ಲಿ ಖಾಡಿಯಾ ಪ್ರದೇಶದ ಇಕ್ಕಟ್ಟಾದ ಬೀದಿಯಲ್ಲಿ ಗದ್ದಲಕ್ಕೆ ಬೆದರಿದ ಆನೆ ಸಾಲು ಬಿಟ್ಟು ಓಡಿದಾಗ ಜನ ದಿಕ್ಕೆಟ್ಟು ಚದುರಿದ್ದನ್ನು ನಾವೆಲ್ಲ ಕಂಡೆವು. ಹಾರ ತುರಾಯಿಗಳಿಂದ ಅಲಂಕೃತವಾಗಿ ನಿಂತ ಆ ಪ್ರಾಣಿಯೊಳಗೆ ಎಂತಹ ಬಲ ಅಡಗಿದೆ ಎಂಬುದು ಆ ಒಂದು ಗಳಿಗೆಯಲ್ಲಿ ಎಲ್ಲರಿಗೂ ಅರಿವಾಯಿತು.

ಗುಜರಾತಿನ ಕಾಡುಗಳಲ್ಲಿ ಇಂದು ಕಾಡಾನೆಗಳಿಲ್ಲ. ಆದರೆ ಸುಮಾರು ನಾನೂರು ವರ್ಷಗಳ ಹಿಂದೆ ದಾಹೋದ್ ಸೀಮೆಯ ಅರಣ್ಯಗಳಲ್ಲಿ ಅವು ಇದ್ದವು; 1618ರ ಸುಮಾರಿಗೆ ಜಹಾಂಗೀರ್ ಬಾದಶಹನು ಅಲ್ಲಿ ಆನೆ ಹಿಡಿಸಿದ್ದು ಇತಿಹಾಸದಲ್ಲಿ ದಾಖಲಾಗಿದೆ. ವಡೋದರಾದಲ್ಲಿ ಗಾಯಕವಾಡರು ಆನೆಗಳ ಕಾಳಗಕ್ಕಾಗಿಯೇ ವಿಶಾಲವಾದ ಅಖಾಡವನ್ನು ಇಟ್ಟುಕೊಂಡಿದ್ದರು. ಹೀಗೆ ಮನುಷ್ಯನು ಆನೆಯನ್ನು ಹಿಡಿದಿದ್ದಾನೆ, ಕಾದಾಡಿಸಿದ್ದಾನೆ, ಪೂಜಿಸಿದ್ದಾನೆ, ಕೊಂದೂ ಇದ್ದಾನೆ. ಇವೆಲ್ಲದರ ಮಧ್ಯೆ ನಿಂತು, ಆನೆಯನ್ನು ಕೊಲ್ಲುವ ವಿದ್ಯೆಯನ್ನು ಬಹಳ ಚೆನ್ನಾಗಿ ಬಲ್ಲವರಾಗಿದ್ದು, ಕೊನೆಗೆ ಕೊಲ್ಲದೆ ಹಿಡಿಯುವ ಕೆಲಸವನ್ನೇ ಜೀವನದ ಕಾರ್ಯವಾಗಿಸಿಕೊಂಡವರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಹುಟ್ಟಿನಿಂದ ಆಂಗ್ಲರಾದರೂ ಕನ್ನಡ ನಾಡಿನ ನೀರು, ಕಾಡು ಮತ್ತು ನುಡಿ ಮೂರನ್ನೂ ಬಲ್ಲವರಾಗಿದ್ದ ಈ ವ್ಯಕ್ತಿಯ ಜೀವನವನ್ನು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಸ್ಯಾಂಡರ್ಸನ್ನರ ಹೆಸರು ಕನ್ನಡಕ್ಕೆ ಹೊಸದಲ್ಲ. ಇವರ ತಂದೆ ರೆವರೆಂಡ್ ಡೇನಿಯಲ್ ಸ್ಯಾಂಡರ್ಸನ್ ಅವರು ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಪಂಥದ ಮಿಷನರಿಗಳು. ಧರ್ಮಪ್ರಚಾರಕ್ಕೆಂದು ಬಂದವರು ಇಲ್ಲಿಯ ಭಾಷೆಗೆ ಮನಸೋತು ಅದರ ಪಂಡಿತರೇ ಆದರು. ಲಕ್ಷ್ಮೀಶನ ಜೈಮಿನಿ ಭಾರತದ ಆರಂಭದ ಭಾಗವನ್ನು ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಇವರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದವರೂ ಇವರೇ. ಕಿಟ್ಟೆಲ್ ಅವರ ಮಹಾನಿಘಂಟು 1894ರಲ್ಲಿ ಬರುವವರೆಗೆ ಕನ್ನಡ ಕಲಿಯುವ ಪರದೇಶಿಗಳಿಗೆ ರೀವ್-ಸ್ಯಾಂಡರ್ಸನ್ ನಿಘಂಟು ದೊಡ್ಡ ಆಸರೆಯಾಗಿತ್ತು.

ಇಂತಹ ಮನೆಯಲ್ಲಿ 1848ರಲ್ಲಿ ಜನಿಸಿದ ಜಾರ್ಜ್ ಇಂಗ್ಲೆಂಡಿನಲ್ಲಿ ಶಾಲಾಶಿಕ್ಷಣ ಮುಗಿಸಿ 1864ರಲ್ಲಿ ಭಾರತಕ್ಕೆ ಬಂದಿಳಿದರು. ಆಗ ಅವರಿಗೆ ಹದಿನಾರರ ಎಳೆಯ ಪ್ರಾಯ. ಕಾಫಿ ತೋಟದಲ್ಲಿ ಬದುಕು ಕಟ್ಟಿಕೊಳ್ಳುವ ಯೋಚನೆ ಮೊದಲಿಗಿತ್ತು; ಅದು ಕೈಗೂಡಲಿಲ್ಲ. ಆದರೆ ಆ ದಿನಗಳು ವ್ಯರ್ಥವಾಗಲಿಲ್ಲ. ತಂದೆಯವರಂತೆ ಇವರೂ ಕನ್ನಡವನ್ನು ಕಲಿತರು. ತಂದೆಯವರದು ಗ್ರಂಥಗಳ ಕನ್ನಡವಾದರೆ ಮಗನದು ಕಾಡಂಚಿನ ಹಳ್ಳಿಗಳ ಕನ್ನಡ. ಈ ಭಾಷಾಜ್ಞಾನದ ಬಲದಿಂದಲೇ ಕೆಲವು ವರ್ಷಗಳಲ್ಲಿ ಅವರಿಗೆ ಮೈಸೂರು ಸರ್ಕಾರದ ನಾಲೆಗಳ ಇಲಾಖೆಯಲ್ಲಿ ಉದ್ಯೋಗ ದೊರೆಯಿತು. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ನದಿಗಳಿಂದ ಹೊರಟು ಹಳ್ಳಿಹಳ್ಳಿಗೆ ಹರಿಯುವ ನೀರಾವರಿ ನಾಲೆಗಳ ಮೇಲ್ವಿಚಾರಣೆ ಇವರ ಪಾಲಿಗೆ ಬಂತು. ನಾಲೆಗಳ ಉದ್ದಕ್ಕೂ ಸಂಚರಿಸುವುದೆಂದರೆ ಗದ್ದೆ ಮುಗಿದು ಕಾಡು ಮೊದಲಾಗುವ ಅಂಚಿನಲ್ಲೇ ವರ್ಷವೆಲ್ಲ ಬದುಕುವುದು. ಚಾಮರಾಜನಗರದ ಸಮೀಪ ಮೊರಲೆ ಎಂಬಲ್ಲಿ ಅವರು ತಮಗೊಂದು ಬಂಗಲೆ ಕಟ್ಟಿಕೊಂಡರು. ಎದುರಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು, ಸುತ್ತ ಹುಲಿ, ಆನೆ, ಕಾಟಿಗಳಿರುವ ಅಡವಿ. ಸುತ್ತಲ ಹಳ್ಳಿಗರೂ ಬೆಟ್ಟದ ಸೋಲಿಗರೂ ಅವರಿಗೆ ಜಾಡು ನೋಡುವ ವಿದ್ಯೆಯನ್ನು ಕಲಿಸಿದ ಗುರುಗಳಾದರು.

ಆ ಕಾಲದಲ್ಲಿ ಇಂತಹ ಕಡೆ ವಾಸಿಸುವ ಅಧಿಕಾರಿ ಬೇಟೆಗಾರನೂ ಆಗಿರುವುದು ಸಾಮಾನ್ಯ ಸಂಗತಿ. ಸ್ಯಾಂಡರ್ಸನ್ನರೂ ಅದಕ್ಕೆ ಹೊರತಾಗಿರಲಿಲ್ಲ. ಜನರನ್ನು ಕೊಲ್ಲುತ್ತಿದ್ದ ಹುಲಿಯಿರಲಿ, ದಾರಿಹೋಕರ ಮೇಲೆ ಎರಗುವ ಪುಂಡಾನೆಯಿರಲಿ, ಹಳ್ಳಿಯವರು ಮೊದಲು ಬರುತ್ತಿದ್ದುದು ಇವರ ಬಾಗಿಲಿಗೆ. ಆದರೆ ಇತರ ಬೇಟೆಗಾರರಿಂದ ಇವರನ್ನು ಬೇರೆಯಾಗಿಸಿದ್ದು ಇವರ ಲೆಕ್ಕಾಚಾರದ ಬುದ್ಧಿ. ಗುಂಡು ಹಾರಿತು, ಪ್ರಾಣಿ ಬಿತ್ತು ಎಂಬಷ್ಟಕ್ಕೇ ತೃಪ್ತರಾಗುವವರು ಇವರಲ್ಲ. ಗುಂಡು ಎಲ್ಲಿ ಹೊಕ್ಕಿತು, ಎಷ್ಟು ಆಳಕ್ಕೆ ಹೋಯಿತು, ಏಕೆ ಅಲ್ಲಿಯೇ ನಿಂತಿತು ಎಂಬ ವಿಚಾರಣೆ ಅವರಿಗೆ ಮುಖ್ಯವಾಗಿತ್ತು.

ಇಲ್ಲಿ ಅಂದಿನ ಕೋವಿ ಮತ್ತು ಗುಂಡುಗಳ ವಿಷಯವನ್ನು ಸ್ವಲ್ಪ ವಿವರಿಸುವುದು ಅಗತ್ಯ. ನಮ್ಮಲ್ಲಿ ಮಲೆನಾಡು, ಕೊಡಗಿನ ಕಡೆಯಿಂದ ಬಂದ ಹಿರಿಯರಿಗೆ ಕೇಪಿನ ಕೋವಿಯ ನೆನಪಿರಬಹುದು. ಮದ್ದು ತುಂಬಿ, ಅದರ ಮೇಲೆ ಗುಂಡು ಗಿಡಿದು, ಕೇಪು ಇಟ್ಟು ಹಾರಿಸುವ ಆ ಕೋವಿಗಳಿಗೆ ಬೇಕಾದ ಸೀಸದ ಗುಂಡನ್ನು ಮನೆಯಲ್ಲಿಯೇ ಎರಕ ಹೊಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ದೊಡ್ಡ ಬೇಟೆಗಾರರದೂ ಇದೇ ಪದ್ಧತಿ. ಹಿಂದಿನಿಂದ ತೋಟಾ ತುಂಬುವ ಕೋವಿಗಳು ಬಂದ ಮೇಲೂ ಹಿತ್ತಾಳೆಯ ಖಾಲಿ ತೋಟಾಗಳಿಗೆ ಮದ್ದನ್ನು ಅಳೆದು ಹಾಕಿ, ತಾವೇ ಅಚ್ಚಿನಲ್ಲಿ ಹೊಯ್ದ ಗುಂಡನ್ನು ಕೂರಿಸಿಕೊಳ್ಳುವವರು ಅನೇಕರಿದ್ದರು. ಕಾಡಿನ ಬಿಡಾರದಲ್ಲಿ ಅಂಗಡಿ ಎಲ್ಲಿಂದ ಬರಬೇಕು? ಒಲೆ, ಸೀಸ ಕರಗಿಸುವ ಸೌಟು, ಎರಡು ಹೋಳಿನ ಅಚ್ಚು, ತೂಗುವ ತಕ್ಕಡಿ ಇವು ಬೇಟೆಗಾರನ ಸಾಮಾನಿನಲ್ಲಿ ಇರಲೇಬೇಕಾಗಿತ್ತು.

ಕೋವಿಯ ಗಾತ್ರವನ್ನು ಆಗ ಬೋರ್ ಎಂಬ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ದುಂಡು ಗುಂಡುಗಳಾಗುತ್ತವೆಯೋ ಆ ಸಂಖ್ಯೆಯೇ ಬೋರ್. ಹನ್ನೆರಡು ಬೋರಿನ ಗುಂಡು ಸುಮಾರು 38 ಗ್ರಾಂ. ಎಂಟು ಬೋರಿನದು 57 ಗ್ರಾಂ. ನಾಲ್ಕು ಬೋರಿನದು 113 ಗ್ರಾಂ. ಸಂಖ್ಯೆ ಇಳಿದಷ್ಟೂ ಕೋವಿ ದೊಡ್ಡದು. ಸ್ಯಾಂಡರ್ಸನ್ ಆನೆಯ ಬೇಟೆಗೆ ಬಳಸಿದ್ದು ಬರ್ಮಿಂಗ್‌ಹ್ಯಾಮಿನ ಗ್ರೀನರ್ ಅವರು ತಯಾರಿಸಿದ ನಾಲ್ಕು ಬೋರಿನ ಜೋಡಿ ನಳಿಗೆಯ ಕೋವಿಯನ್ನು. ಅದರ ತೂಕವೇ 9 ಕಿಲೋಗೆ ಹತ್ತಿರ. ಹಾರಿಸಿದವನ ಭುಜವನ್ನು ಹಿಂದಕ್ಕೆ ತಳ್ಳುವ ಇಂತಹ ಕೋವಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಸರಳವಾದ ಗಣಿತದಲ್ಲಿದೆ.

ಹನ್ನೆರಡು ಬೋರಿನ ಗುಂಡಿನ ಅಡ್ಡಳತೆ ಸುಮಾರು 18.5 ಮಿಲಿಮೀಟರ್, ನಾಲ್ಕು ಬೋರಿನದು 26.7. ಎರಡನೆಯದರ ತೂಕ ಮೊದಲನೆಯದಕ್ಕಿಂತ ಮೂರು ಪಟ್ಟು. ಆದರೆ ಮುಂದಿನ ಮುಖದ ವಿಸ್ತೀರ್ಣ ಎರಡು ಪಟ್ಟು ಮಾತ್ರ. ಎಂದರೆ ಪ್ರತಿ ಚದರ ಮಿಲಿಮೀಟರಿನ ಹಿಂದೆ ಒಂದೂವರೆ ಪಟ್ಟಿನಷ್ಟು ಭಾರ ನಿಂತಿರುತ್ತದೆ. ವೇಗ ಒಂದೇ ಆದರೂ ದೊಡ್ಡ ಗುಂಡು ಹೆಚ್ಚು ಆಳಕ್ಕೆ ಇಳಿಯುವುದು ಇದರಿಂದಲೇ. ಆದರೆ ಈ ಲಾಭವೆಲ್ಲ ಗುಂಡು ತನ್ನ ಆಕಾರವನ್ನು ಉಳಿಸಿಕೊಂಡರೆ ಮಾತ್ರ. ಶುದ್ಧ ಸೀಸವು ಮೃದುವಾದ ಲೋಹ. ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಎಲುಬಿಗೆ ತಗುಲಿದೊಡನೆ ಅದು ಅಣಬೆಯಂತೆ ಚಪ್ಪಟೆಯಾಗುತ್ತದೆ. ಅಡ್ಡಳತೆ ಒಂದೂವರೆ ಪಟ್ಟಾದರೆ ಮುಖದ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ತಡೆಯೂ ಅಷ್ಟೇ ಹೆಚ್ಚುತ್ತದೆ. ಗುಂಡು ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ.

ಆದ್ದರಿಂದ ಆನೆ, ಕಾಟಿಗಳ ಬೇಟೆಗೆ ಗುಂಡನ್ನು ಗಟ್ಟಿ ಮಾಡಿಕೊಳ್ಳುವುದು ಅನಿವಾರ್ಯವಾಗಿತ್ತು. ಸೀಸ ಕರಗಿರುವಾಗ ಅದಕ್ಕೆ ತವರವನ್ನೋ ಸ್ವಲ್ಪ ಪಾದರಸವನ್ನೋ ಸೇರಿಸುತ್ತಿದ್ದರು. ಎಷ್ಟು ಸೇರಿಸಬೇಕು ಎಂಬುದರ ಬಗ್ಗೆ ಪ್ರತಿಯೊಬ್ಬ ಬೇಟೆಗಾರನಿಗೂ ತನ್ನದೇ ಆದ ಅಭಿಪ್ರಾಯವಿತ್ತು. ಕಡಿಮೆಯಾದರೆ ಗುಂಡು ಚಪ್ಪಟೆ. ಮಿತಿಮೀರಿ ಗಟ್ಟಿಯಾದರೆ ಎಲುಬಿಗೆ ತಗುಲಿ ಚೂರಾಗುವ ಭಯ. ಸೂರತ್ತಿನಲ್ಲಿ ವಜ್ರದ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ವಜ್ರವನ್ನು ಗೀರುವ ವಸ್ತು ಬೇರೊಂದಿಲ್ಲ. ಆದರೂ ಸುತ್ತಿಗೆಯ ಪೆಟ್ಟು ತಕ್ಕ ಜಾಗಕ್ಕೆ ಬಿದ್ದರೆ ಅದು ಸೀಳಿಹೋಗುತ್ತದೆ. ಗಟ್ಟಿತನವೇ ಬೇರೆ, ಒಡೆಯದೆ ತಾಳಿಕೊಳ್ಳುವ ಗುಣವೇ ಬೇರೆ.

ಹೀಗೆ ಮನೆಯಲ್ಲಿ ಹೊಯ್ದ ಗುಂಡು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದನ್ನು ಪರೀಕ್ಷಿಸದೆ ಕಾಡಿಗೆ ಹೋಗುವುದು ಪ್ರಾಣಾಪಾಯದ ಮಾತು. ಕೋವಿ ತಯಾರಕರು ಮರದ ಹಲಗೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಎಷ್ಟು ಹಲಗೆಗಳನ್ನು ತೂರಿತು ಎಂದು ಎಣಿಸುತ್ತಿದ್ದರು. ಆದರೆ ಹಲಗೆ ಒಂದೇ ಸಮನಾದ ವಸ್ತು. ಆನೆಯ ತಲೆ ಹಾಗಲ್ಲ. ಇಲ್ಲಿ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಬಿದ್ದ ಪ್ರಾಣಿಯ ಮುಂದೆ ಕುಳಿತು, ಗುಂಡಿನ ಜಾಡನ್ನು ಹಿಡಿದು, ಅದನ್ನು ಹೊರತೆಗೆದು ನೋಡುವಾಗ. ಗುಂಡು ದುಂಡಗೆ ಉಳಿದಿದೆಯೇ, ಚಪ್ಪಟೆಯಾಗಿದೆಯೇ, ದಾರಿ ತಪ್ಪಿ ಓರೆಯಾಗಿ ಹೋಗಿದೆಯೇ ಎಂಬುದೆಲ್ಲ ಮುಂದಿನ ಎರಕಕ್ಕೆ ಪಾಠವಾಗುತ್ತಿತ್ತು.

ಸ್ಯಾಂಡರ್ಸನ್ ತಮ್ಮ ಗ್ರಂಥದಲ್ಲಿ ಆನೆಯ ತಲೆಬುರುಡೆಯ ರಚನೆಯನ್ನು ವಿವರವಾಗಿ ಚರ್ಚಿಸಿದ್ದಾರೆ. ಹೊರಗಿನಿಂದ ನೋಡುವವರಿಗೆ ಆ ದೊಡ್ಡ ತಲೆಯ ತುಂಬ ಮಿದುಳೇ ಇರುವಂತೆ ತೋರುತ್ತದೆ. ವಾಸ್ತವದಲ್ಲಿ ಮಿದುಳಿನ ತೂಕ ನಾಲ್ಕೈದು ಕಿಲೋ ಅಷ್ಟೇ. ಅದೂ ತಲೆಯ ಹಿಂಭಾಗದಲ್ಲಿ ತಗ್ಗಿನಲ್ಲಿದೆ. ಹಣೆಯ ಎತ್ತರದ ಭಾಗವೆಲ್ಲ ಜೇನುಹುಟ್ಟಿನಂತೆ ಗಾಳಿಗೂಡುಗಳಿಂದ ಕೂಡಿದ ಎಲುಬು. ಅದು ತಲೆಯನ್ನು ಹಗುರವಾಗಿಡುತ್ತದೆ, ಕತ್ತಿನ ಬಲವಾದ ಸ್ನಾಯುಗಳಿಗೆ ನೆಲೆಯನ್ನೂ ಕೊಡುತ್ತದೆ. ಹಣೆಯ ಮಧ್ಯಕ್ಕೆ ನೇರವಾಗಿ ಹೊಡೆದ ಗುಂಡು ಈ ಗೂಡುಗಳೊಳಗೆ ಹೊಕ್ಕು ಮಿದುಳಿನ ಮೇಲಿನಿಂದಲೇ ಹಾದುಹೋಗುವ ಸಂಭವ ಹೆಚ್ಚು. ಆನೆ ಒಮ್ಮೆ ತತ್ತರಿಸಿ, ಮತ್ತೆ ಎದ್ದು, ಗಾಯದೊಡನೆ ಕಾಡು ಸೇರುತ್ತದೆ. ಬೇಟೆಗಾರ ನಿಂತ ಎತ್ತರ, ಆನೆ ತಲೆಯನ್ನು ಎತ್ತಿದೆಯೋ ತಗ್ಗಿಸಿದೆಯೋ ಎಂಬುದು, ಕಿವಿಯ ಕಡೆಯಿಂದಲೋ ಕಪೋಲದ ಕಡೆಯಿಂದಲೋ ಎಂಬುದು ಇವೆಲ್ಲ ಸೇರಿ ಗುಂಡಿನ ದಾರಿಯನ್ನು ನಿರ್ಧರಿಸುತ್ತವೆ.

ಆದುದರಿಂದ ಗುಂಡಿನ ಬಲ ಎಷ್ಟಿದ್ದರೂ ಕೋನ ತಪ್ಪಿದರೆ ಅದರಿಂದ ಸಾವು ಬರುವುದಿಲ್ಲ, ನರಳಾಟ ಮಾತ್ರ ಬರುತ್ತದೆ. ಅಂತಹ ಗಾಯಗೊಂಡ ಸಲಗ ಮುಂದೆ ಮನುಷ್ಯನ ವಾಸನೆಗೇ ಕೆರಳುವ ಪುಂಡಾನೆಯಾದರೆ ಅದರ ಹೊಣೆ ಯಾರದು? ಅದರ ಕಾಲಿಗೆ ಸಿಕ್ಕುವವನು ಗುಂಡು ಹಾರಿಸಿದ ದೊರೆಯಲ್ಲ. ಸೌದೆಗೆ ಹೋದ ಹಳ್ಳಿಗನೋ ಜೇನಿಗೆ ಹೋದ ಕುರುಬನೋ ಆಗಿರುತ್ತಾನೆ. ಗುಂಡಿನ ಪರೀಕ್ಷೆ ಕೇವಲ ಹವ್ಯಾಸದ ವಿಷಯವಲ್ಲ, ಜೀವದ ವಿಷಯ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕಾಕನಕೋಟೆಯ ಕಾಡಿನಲ್ಲಿ ಜನರಿಗೆ ಕಂಟಕವಾಗಿದ್ದ ಪುಂಡಾನೆಯೊಂದನ್ನು ಸ್ಯಾಂಡರ್ಸನ್ ಬೇಟೆಯಾಡಿ ಕೊಂದರು. ಅಂತಹ ಪ್ರಸಂಗಗಳಲ್ಲಿ ಕೋವಿ ಎತ್ತಲು ಅವರು ಹಿಂಜರಿಯಲಿಲ್ಲ. ಆದರೆ ತಮ್ಮಷ್ಟಕ್ಕೆ ಮೇಯುವ ಹಿಂಡುಗಳನ್ನು ಕೊಲ್ಲುವುದು ಅವರಿಗೆ ಸರಿ ಕಾಣಲಿಲ್ಲ.

ಆ ಕಾಲಕ್ಕೆ ಇದು ಎಲ್ಲರೂ ಒಪ್ಪಿದ ನಿಲುವಾಗಿರಲಿಲ್ಲ. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಬೆಳೆ ಹಾಳುಮಾಡುತ್ತವೆಂದು ಆನೆ ಕೊಂದವರಿಗೆ ಸರ್ಕಾರವೇ ಬಹುಮಾನ ಕೊಟ್ಟ ಕಾಲವೊಂದಿತ್ತು. 1873ರಲ್ಲಿ ಆ ಪ್ರಾಂತ್ಯ ಕಾಡಾನೆಗಳ ರಕ್ಷಣೆಗೆ ಕಾಯಿದೆ ಮಾಡಿತು. ಇತ್ತ ಮೈಸೂರಿನ ಕಾಡುಗಳಲ್ಲಿ ಆನೆ ಹಿಡಿಯಲು ಇದ್ದ ಹಳೆಯ ಮಾರ್ಗವೆಂದರೆ ಗುಂಡಿ ತೋಡಿ ಮೇಲೆ ಸೊಪ್ಪು ಮುಚ್ಚುವುದು. ಆಳವಾದ ಗುಂಡಿಗೆ ಬಿದ್ದ ಆನೆಗಳು ಕಾಲು ಮುರಿದುಕೊಂಡು ಸಾಯುತ್ತಿದ್ದುದೇ ಹೆಚ್ಚು. ಈ ಪದ್ಧತಿಯನ್ನು ಸ್ಯಾಂಡರ್ಸನ್ ಕಟುವಾಗಿ ಖಂಡಿಸಿದರು. ಬಂಗಾಳದಲ್ಲಿ ನಡೆಯುತ್ತಿದ್ದಂತೆ ಇಡೀ ಹಿಂಡನ್ನು ಸುತ್ತುವರಿದು ಭದ್ರವಾದ ಆವರಣಕ್ಕೆ ಅಟ್ಟಿ ಹಿಡಿಯುವ ಖೆಡ್ಡಾ ಪದ್ಧತಿಯನ್ನು ಮೈಸೂರಿನಲ್ಲಿಯೂ ಆಚರಿಸಬಹುದೆಂದು ಸರ್ಕಾರಕ್ಕೆ ಸೂಚಿಸಿದರು. ನಾಲೆ ನೋಡಿಕೊಳ್ಳುವ, ಇಪ್ಪತ್ತೈದರ ಆಸುಪಾಸಿನ, ಒಂದೂ ಆನೆಯನ್ನು ಹಿಡಿದು ಅನುಭವವಿಲ್ಲದ ಅಧಿಕಾರಿಯ ಈ ಸಲಹೆಯನ್ನು ಸರ್ಕಾರ ಒಪ್ಪಿದ್ದೇ ಒಂದು ವಿಶೇಷ.

ಕಾಕನಕೋಟೆಯ ಕಾಡಿನಲ್ಲಿ ಒಂದು ಶತಮಾನದ ಹಿಂದೆ ಹೈದರಾಲಿಯೂ ಇಂತಹ ಪ್ರಯತ್ನ ಮಾಡಿ ವಿಫಲನಾಗಿದ್ದನು. ಇನ್ನು ಮುಂದೆ ಯಾರಿಗೂ ಇದು ಸಾಧ್ಯವಾಗದೆಂದು ಸಾರಿ, ಪ್ರಯತ್ನಿಸುವವರಿಗೆ ಶಾಪವನ್ನೂ ಹಾಕಿ ಕಲ್ಲಿನಲ್ಲಿ ಕೊರೆಯಿಸಿದ್ದನೆಂದು ಸ್ಯಾಂಡರ್ಸನ್ನರೇ ಬರೆದಿದ್ದಾರೆ. ಇವರ ಆರಂಭದ ಪ್ರಯತ್ನವೂ ಫಲಿಸಲಿಲ್ಲ. ಹಿಂದಿನವರ ಮಾತೇ ನಿಜವಾಯಿತೆಂದು ಆಡಿಕೊಂಡವರಿಗೇನೂ ಕೊರತೆ ಇದ್ದಿರಲಾರದು. ಆದರೆ 1874ರ ಜೂನ್ ತಿಂಗಳಲ್ಲಿ, ಚಾಮರಾಜನಗರದ ಬಳಿ ಹೊನ್ನುಹೊಳೆಯ ಸಮೀಪದ ಕಾಡಿನಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಅವರ ಆವರಣದೊಳಗೆ ಬಂತು. ನೂರಾರು ಹಳ್ಳಿಗರು ಹಗಲೂ ರಾತ್ರಿ ಕಾವಲಿದ್ದು, ಬೆಂಕಿ ಹಾಕಿ, ತಮಟೆ ಬಾರಿಸಿ, ಅಗಳು ತೋಡಿ ನಡೆಸಿದ ಕಾರ್ಯವದು. ಬಾಗಿಲು ಬಿದ್ದ ಮೇಲೆ ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ಒಳಗೆ ಹೋಗಿ, ಒಂದೊಂದಾಗಿ ಕಾಡಾನೆಗಳ ಕಾಲಿಗೆ ಹಗ್ಗ ಬಿಗಿದರು. ಸಾಹಸದ ಕೀರ್ತಿ ಸ್ಯಾಂಡರ್ಸನ್ನರಿಗೆ ಸಂದಿತು. ಆದರೆ ಹೆಸರು ಉಳಿಯದ ಆ ಹಳ್ಳಿಗರು, ಸೋಲಿಗರು ಮತ್ತು ಮಾವುತರ ಪಾಲು ಅದರಲ್ಲಿ ಸಣ್ಣದೇನಲ್ಲ. ಅವರೊಡನೆ ಅವರದೇ ಮಾತಿನಲ್ಲಿ ವ್ಯವಹರಿಸಬಲ್ಲ ಮುಂದಾಳು ದೊರೆತದ್ದೇ ಈ ಯಶಸ್ಸಿನ ಗುಟ್ಟೆಂದು ನಮಗನಿಸುತ್ತದೆ.

ಈ ಯಶಸ್ಸಿನಿಂದ ಅವರ ಹೆಸರು ದೂರದವರೆಗೆ ಹಬ್ಬಿತು. 1875ರ ಸೆಪ್ಟೆಂಬರಿನಲ್ಲಿ ಅವರನ್ನು ತಾತ್ಕಾಲಿಕವಾಗಿ ಬಂಗಾಳದ ಢಾಕಾದ ಆನೆ ಹಿಡಿಯುವ ಇಲಾಖೆಗೆ ಕಳುಹಿಸಲಾಯಿತು. ಗಾರೋ ಬೆಟ್ಟ ಹಾಗೂ ಚಿತ್ತಗಾಂಗ್ ಕಾಡುಗಳಲ್ಲಿ ಅವರು ಖೆಡ್ಡಾಗಳನ್ನು ನಡೆಸಿದರು. ಅದೇ ವರ್ಷದ ನವೆಂಬರಿನಲ್ಲಿ ಇತ್ತ ವಡೋದರಾಕ್ಕೆ ಬಂದ ಇಂಗ್ಲೆಂಡಿನ ಯುವರಾಜನ ಮನರಂಜನೆಗಾಗಿ ಅಖಾಡದಲ್ಲಿ ಆನೆಗಳ ಕಾಳಗ ಏರ್ಪಾಡಾಗಿತ್ತು. ಒಂದೇ ಕಾಲದಲ್ಲಿ ದೇಶದ ಒಂದು ಮೂಲೆಯಲ್ಲಿ ಆನೆಯ ಬಲ ವಿನೋದಕ್ಕೆ ವಸ್ತುವಾಗಿತ್ತು. ಇನ್ನೊಂದು ಮೂಲೆಯಲ್ಲಿ ಅದನ್ನು ಅರಿತುಕೊಳ್ಳುವ ಪ್ರಯತ್ನ ನಡೆದಿತ್ತು.

1878ರಲ್ಲಿ, ಮೂವತ್ತನೆಯ ವಯಸ್ಸಿಗೆ, ಸ್ಯಾಂಡರ್ಸನ್ ತಮ್ಮ ಹದಿಮೂರು ವರ್ಷಗಳ ಅರಣ್ಯಾನುಭವವನ್ನು ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ ಎಂಬ ಈ ಗ್ರಂಥ ಬೇಟೆಯ ಕಥೆಗಳ ಸಂಗ್ರಹವಷ್ಟೇ ಆಗಿ ಉಳಿಯಲಿಲ್ಲ. ಆನೆಗಳ ಸ್ವಭಾವ, ಆಹಾರ, ಹಿಂಡಿನ ನಡವಳಿಕೆ, ಎತ್ತರ ಮುಂತಾದ ವಿಷಯಗಳಲ್ಲಿ ಅಂದಿಗೆ ಪ್ರಚಲಿತವಿದ್ದ ಅನೇಕ ಕಟ್ಟುಕಥೆಗಳನ್ನು ಅದು ಅಲ್ಲಗಳೆಯಿತು. ಆನೆಯನ್ನು ಅವರು ಅತಿಯಾಗಿ ಹೊಗಳಲಿಲ್ಲ. ಅದರ ಬುದ್ಧಿಶಕ್ತಿಯನ್ನು ಜನ ಇದ್ದುದಕ್ಕಿಂತ ಹೆಚ್ಚೆಂದು ಭಾವಿಸಿದ್ದಾರೆ, ಅದರ ನಿಜವಾದ ಹಿರಿಮೆ ಇರುವುದು ವಿಧೇಯತೆ, ಸೌಮ್ಯತೆ ಮತ್ತು ತಾಳ್ಮೆಯಲ್ಲಿ ಎಂಬುದು ಅವರ ಅಭಿಪ್ರಾಯ. ಬುದ್ಧಿಯ ವಿಷಯದಲ್ಲಿ ಇಂದಿನ ವಿಜ್ಞಾನ ಅವರನ್ನು ಒಪ್ಪುವುದಿಲ್ಲ; ಆದರೆ ಕಂಡದ್ದನ್ನು ಕಂಡಂತೆ ಹೇಳುವ ಅವರ ಪ್ರಾಮಾಣಿಕತೆಯನ್ನು ಯಾರೂ ಒಪ್ಪಬೇಕಾದದ್ದೇ. 1879ರಲ್ಲಿ ಬ್ರಿಟಿಷ್ ಭಾರತಕ್ಕೆ ಆನೆಗಳ ಸಂರಕ್ಷಣಾ ಕಾಯಿದೆ ಬಂತು. ಪರವಾನಗಿಯಿಲ್ಲದೆ ಕಾಡಾನೆಯನ್ನು ಕೊಲ್ಲುವುದು, ಹಿಡಿಯುವುದು ಅಪರಾಧವಾಯಿತು.

ಹಾಗೆಂದು ಖೆಡ್ಡಾ ಎಂಬುದು ಕರುಣೆಯ ಕಾರ್ಯವಾಗಿತ್ತೆಂದು ನಾವು ಹೇಳಲಾರೆವು. ಸ್ವಚ್ಛಂದವಾಗಿ ತಿರುಗುತ್ತಿದ್ದ ಹಿಂಡು ಒಂದೇ ರಾತ್ರಿಯಲ್ಲಿ ಬಂದಿಯಾಗುತ್ತಿತ್ತು. ಹಗ್ಗ ಉಜ್ಜಿದ ಗಾಯಗಳಿಂದ, ಆಹಾರ ಬಿಟ್ಟು ಕೊರಗುವುದರಿಂದ, ಪಳಗಿಸುವ ಕಠಿಣ ಕ್ರಮಗಳಿಂದ ಅನೇಕ ಆನೆಗಳು ಸಾಯುತ್ತಿದ್ದವು. ತಾಯಿ ಮರಿಗಳು ಅಗಲುತ್ತಿದ್ದವು. ಹಿಡಿದ ಆನೆಗಳನ್ನು ಮಾರಿ ಬಂದ ಹಣ ಸರ್ಕಾರದ ಖಜಾನೆಗೆ ಸೇರುತ್ತಿತ್ತು ಎಂಬುದನ್ನೂ ಮರೆಯಬಾರದು. ಲಾಭವಿಲ್ಲದಿದ್ದರೆ ಸರ್ಕಾರ ಅದನ್ನು ಮುಂದುವರಿಸುತ್ತಿತ್ತೇ ಎಂಬ ಪ್ರಶ್ನೆ ಸಹಜ. ಆದರೂ ಗುಂಡಿನ ತುದಿಯಲ್ಲಿ ಇಲ್ಲವೇ ಗುಂಡಿಯ ತಳದಲ್ಲಿ ಆನೆಯ ಬಾಳು ಮುಗಿಯುತ್ತಿದ್ದ ಕಾಲದಲ್ಲಿ, ಜೀವಂತ ಆನೆಗೆ ಸತ್ತ ಆನೆಗಿಂತ ಹೆಚ್ಚು ಬೆಲೆಯಿದೆ ಎಂಬುದನ್ನು ಆಳುವವರಿಗೆ ಅರ್ಥವಾಗುವ ಲೆಕ್ಕದ ಭಾಷೆಯಲ್ಲಿ ತೋರಿಸಿಕೊಟ್ಟದ್ದು ಸ್ಯಾಂಡರ್ಸನ್ನರ ಸಾಧನೆ. ಅವರು ಸಂತರಲ್ಲ, ತಮ್ಮ ಕಾಲದ ಮನುಷ್ಯರು. ಆ ಕಾಲಕ್ಕಿಂತ ಒಂದು ಹೆಜ್ಜೆ ಮುಂದೆ ಇಟ್ಟವರು.

1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಮರಳಿ ಒಡೆಯರ ವಂಶಕ್ಕೆ, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ, ಬಂತು. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಭೇಟಿ ನೀಡಿದಾಗ ನಡೆದ ಪ್ರಸಿದ್ಧ ಖೆಡ್ಡಾದ ನೇತೃತ್ವವೂ ಸ್ಯಾಂಡರ್ಸನ್ನರದೇ ಆಗಿತ್ತು. ಹೊಣೆಗಾರಿಕೆಯ ನಡುವೆ ದೀರ್ಘಕಾಲ ಕಾಡಿನಲ್ಲಿ ಕಳೆದ ಬದುಕು ಅವರ ಆರೋಗ್ಯವನ್ನು ಕುಗ್ಗಿಸಿತ್ತು. 1892ರ ಮೇ ತಿಂಗಳಲ್ಲಿ ಮದ್ರಾಸಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಅವರು ಕಾಲವಾದ ಮರುವರ್ಷವೇ ರಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆಗಳ ತೂಮಾಯಿಯ ಕಥೆ ಪ್ರಕಟವಾಯಿತು. ಅದರಲ್ಲಿ ಬರುವ ಆನೆ ಹಿಡಿಯುವ ಪೀಟರ್ಸನ್ ಸಾಹೇಬರ ಪಾತ್ರಕ್ಕೆ ಸ್ಯಾಂಡರ್ಸನ್ನರೇ ಮಾದರಿ ಎಂಬುದು ವಿದ್ವಾಂಸರ ಅಭಿಪ್ರಾಯ. ಆ ಕಥೆಯನ್ನು ಆಧರಿಸಿದ ಎಲಿಫೆಂಟ್ ಬಾಯ್ ಚಲನಚಿತ್ರ 1937ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಮೈಸೂರಿನ ಕಾಡುಗಳಲ್ಲಿ. ತೂಮಾಯಿಯಾಗಿ ಜಗತ್ಪ್ರಸಿದ್ಧನಾದ ಸಾಬು ಕಾರಾಪುರದ ಮಾವುತ ಮನೆತನದ ಹುಡುಗ. ಕಥೆ ಎಲ್ಲೆಲ್ಲೋ ತಿರುಗಿ ಕೊನೆಗೆ ತಾನು ಹುಟ್ಟಿದ ನೆಲಕ್ಕೇ ಬಂದಂತಾಯಿತು.

ಸ್ಯಾಂಡರ್ಸನ್ ಆರಂಭಿಸಿದ ಪರಂಪರೆ ಮೈಸೂರಿನಲ್ಲಿ ಸುಮಾರು ಒಂದು ನೂರು ವರ್ಷ ನಡೆಯಿತು. ಕಾಕನಕೋಟೆಯಲ್ಲಿ 1971ರಲ್ಲಿ ನಡೆದದ್ದೇ ಕೊನೆಯ ಖೆಡ್ಡಾ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಕಪಿಲೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಹಳೆಯ ಖೆಡ್ಡಾ ನಡೆದ ನೆಲದ ಬಹುಭಾಗವನ್ನು ಮುಳುಗಿಸಿತು. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕಿದ್ದ ಅರ್ಜುನ ಎಂಬ ಆನೆ ಮುಂದೆ ಎಂಟು ಬಾರಿ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತಿತು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮದವೇರಿದ ಸಲಗದೊಡನೆ ಸೆಣಸುತ್ತ ಅದು ಪ್ರಾಣ ಬಿಟ್ಟಾಗ, ದೂರದ ಗುಜರಾತಿನಲ್ಲಿ ಕುಳಿತ ನಮ್ಮ ಮನೆಗಳಲ್ಲಿಯೂ ಕಣ್ಣು ಒದ್ದೆಯಾದವು.

ಇಂದು ಕಾಡಾನೆಯನ್ನು ಹಿಡಿಯುವುದು ಅರಿವಳಿಕೆಯ ಸೂಜಿಮದ್ದಿನಿಂದ. ಅದನ್ನೂ ಕೋವಿಯಿಂದಲೇ ಹಾರಿಸುತ್ತಾರೆ; ದೂರಕ್ಕೆ ತಕ್ಕಂತೆ ಗಾಳಿಯ ಒತ್ತಡವನ್ನು ಹೊಂದಿಸುತ್ತಾರೆ. ಎಷ್ಟು ಆಳಕ್ಕೆ ಹೋಗಬೇಕು ಎಂಬ ಅದೇ ಹಳೆಯ ಪ್ರಶ್ನೆ ಇಲ್ಲಿಯೂ ಇದೆ. ಆದರೆ ಉತ್ತರ ಬದಲಾಗಿದೆ. ಅಂದು ಗುಂಡು ಎಲುಬನ್ನು ಸೀಳಿ ಮಿದುಳನ್ನು ಮುಟ್ಟಬ���ಕಾಗಿತ್ತು. ಇಂದು ಸೂಜಿ ಚರ್ಮವನ್ನು ದಾಟಿ ಸ್ನಾಯುವಿನಲ್ಲಿ ನಿಲ್ಲಬೇಕು, ಎಲುಬನ್ನು ಮುಟ್ಟಬಾರದು. ಒಳಹೊಕ್ಕುವ ವಿದ್ಯೆ ಹಿಂದಿನದೇ. ಎಲ್ಲಿ ನಿಲ್ಲಬೇಕೆಂಬ ವಿವೇಕ ಅದಕ್ಕೆ ಈಗ ಸೇರಿಕೊಂಡಿದೆ.

ಕರ್ನಾಟಕದ ಕಾಡುಗಳಲ್ಲಿ ಇಂದು ಆರು ಸಾವಿರಕ್ಕೂ ಮಿಕ್ಕಿ ಕಾಡಾನೆಗಳಿವೆ. ಗುಜರಾತಿನಲ್ಲಿ ಒಂದೂ ಇಲ್ಲ. ದಾಹೋದಿನ ಕಾಡಿನಿಂದ ಅಳಿದುಹೋದದ್ದು ಬಿಳಿಗಿರಿ, ನಾಗರಹೊಳೆಗಳಲ್ಲಿ ಉಳಿದುಕೊಂಡದ್ದಕ್ಕೆ ಕಾರಣಗಳು ಹಲವು. ತನ್ನ ಕೈಯಲ್ಲಿರುವ ಶಕ್ತಿಯನ್ನು ಅಳೆದು ತೂಗಿ, ಅದರ ಪರಿಣಾಮವನ್ನು ಕಣ್ಣಾರೆ ಕಂಡು, ಅನಂತರ ಅದನ್ನು ಬಳಸದೆ ಇರುವ ದಾರಿಯನ್ನು ಹುಡುಕಿದ ಒಬ್ಬ ಮನುಷ್ಯನ ಪಾಲೂ ಅವುಗಳಲ್ಲಿ ಸ್ವಲ್ಪ ಇದೆಯೆಂದು ನಾವು ನಂಬುತ್ತೇವೆ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋದಾಗ ಚಾಮರಾಜನಗರದ ಕಡೆಗೆ ಪಯಣ ಬೆಳೆಸುವವರು, ಬಿಳಿಗಿರಿರಂಗನ ಬೆಟ್ಟ ದೂರದಲ್ಲಿ ನೀಲಿಯಾಗಿ ಕಾಣಿಸಿಕೊಂಡಾಗ, ಕನ್ನಡ ನಿಘಂಟುಕಾರರ ಈ ಮಗನನ್ನೂ ಅವರ ಜೊತೆ ಹಗಲಿರುಳು ಕಾವಲು ನಿಂತ ಆ ಹೆಸರಿಲ್ಲದ ನಮ್ಮವರನ್ನೂ ಒಮ್ಮೆ ನೆನೆಯಲಿ ಎಂಬುದೇ ನಮ್ಮ ಆಶಯ.